ಹುಬ್ಬಳ್ಳಿಯಲ್ಲಿ ಹ್ಯಾಂಡಿಕ್ಯಾಮ್ ಟೇಪ್ ಕಾಪಿ ಮಾಡಿಸೋರು ಸ್ವಲ್ಪ ನಿಲ್ಲಿ

ಕೊಪ್ಪಿಕರ ರಸ್ತೆ ಕಡೆಯ ಅಂಗಡಿ, ಹೆಸರು ಬೇಡ. 2006ರಲ್ಲಿ ಅಕ್ಕನ ಮದುವೆಗೆ ನಾನೇ ತೆಗೆದ ಆರು ಮಿನಿ ಡಿವಿ ಟೇಪ್, ಜೊತೆಗೆ ಕ್ಯಾಮೆರಾನೂ ಅಲ್ಲಿ ಕೊಟ್ಟು ಬಂದೆ. ಟೇಪಲ್ಲಿರೋದನ್ನ ಇದ್ದ ಹಾಗೇ ಕಂಪ್ಯೂಟರಿಗೆ ಇಳಿಸೋಕೆ ಫೈರ್‌ವೈರ್ ಅನ್ನೋ ಕನೆಕ್ಷನ್ ಬೇಕು. ನನ್ನ ಲ್ಯಾಪ್‌ಟಾಪಿಗೆ ಅದು ಇಲ್ಲ, ಯುಎಸ್‌ಬಿ ಹಾಕಿದರೆ ಈ ಕ್ಯಾಮೆರಾದಿಂದ ಕಾರ್ಡಿನ ಫೋಟೋ ಮಾತ್ರ ಬರುತ್ತವೆ. "ಫೈರ್‌ವೈರ್ ಐತೇನ್ರಿ?" ಅಂತ ಕೇಳಿದ್ದೆ. "ಎಲ್ಲಾ ಐತ್ರಿ ಸರ್, ಟೇಪ್‌ನ್ಯಾಗ ಹೆಂಗೈತಿ ಹಂಗ ಬರ್ತೈತಿ." ಟೇಪಿಗೆ 400. ಚೌಕಾಸಿನೂ ಮಾಡದೆ 2400 ಎಣಿಸಿ ಕೊಟ್ಟೆ.

ನಾಲ್ಕು ದಿನ ಬಿಟ್ಟು 8 ಜಿಬಿ ಪೆನ್‌ಡ್ರೈವ್ ಕೈಗಿಟ್ಟ. ಅಲ್ಲೇ ತಲೆ ಓಡಬೇಕಿತ್ತು! ಡಿವಿ ಟೇಪ್ ಇದ್ದ ಹಾಗೇ ಇಳಿಸಿದರೆ ಒಂದು ಗಂಟೆಗೇ ಸುಮಾರು 13 ಜಿಬಿ ಆಗುತ್ತದೆ. ಆರು ಟೇಪ್ ಅದರಲ್ಲಿ ಎಲ್ಲಿ ಹಿಡಿಯುತ್ತೆ? ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಸುಮ್ನೆ ಜೇಬಿಗೆ ಹಾಕಿಕೊಂಡು ಬಂದೆ.

ರಾತ್ರಿ ಅವ್ವ, ಅಕ್ಕ, ಮಾಮಾ ಎಲ್ಲರನ್ನೂ ಕೂರಿಸಿ ಟಿವಿಗೆ ಹಾಕಿದೆ. ಅಕ್ಷತೆ ಬೀಳುವ ಹೊತ್ತು, ಅಕ್ಕನ ಹಣೆ ಮೇಲೆ ಬ್ಯಾಟರಿ ಗುರುತು, ಮೂಲೆಯಲ್ಲಿ ಟೇಪಿನ ಟೈಮ್ ಓಡುತ್ತಿದೆ. ಫೈರ್‌ವೈರ್ ಬಿಟ್ಟು, ಕ್ಯಾಮೆರಾನ ಟಿವಿಗೆ ಜೋಡಿಸೋ ಹಳದಿ ವೈರಿನಿಂದ ತೆಗೆದಿದ್ದಾನೆ, ಕ್ಯಾಮೆರಾ ಪರದೆ ಮೇಲಿನ ಅಕ್ಷರ ಸಮೇತ. "ಏನೋ ಇದು, ಬ್ಯಾಟರಿ ಯಾಕ ಕಾಣ್ತೈತಿ?" ಅಂದಳು ಅವ್ವ. ಏನು ಹೇಳಲಿ?

ಮರುದಿನ ಹೋದರೆ "ಹಳೇ ಟೇಪ್ ಅಲ್ರಿ, ಹಿಂಗ ಬರೋದು" ಅಂದ. ಟೇಪ್ ಹಳೇದಾದರೆ ಬ್ಯಾಟರಿ ಗುರುತು ಮೂಡುತ್ತಾ? "ಎಚ್‌ಡಿ ಬೇಕಂದ್ರ ಮೊದ್ಲ ಹೇಳ್ಬೇಕಿತ್ರಿ, ಟೇಪಿಗೆ 300 ಜಾಸ್ತಿ ಆಗ್ತೈತಿ." ನನ್ನ ಟೇಪಲ್ಲಿ ಎಲ್ಲಿಯ ಎಚ್‌ಡಿ ರೀ, ಇರೋದೇ 720 ಇಂಟು 576 ಪಿಕ್ಸೆಲ್, ಎಚ್‌ಡಿಗಿಂತ ಕಡಿಮೆ!

ಇಷ್ಟಾಗಿದ್ದರೆ ದುಡ್ಡು ಹೋಯಿತು ಅಂದುಕೊಳ್ಳುತ್ತಿದ್ದೆ. ಮನೆಗೆ ಬಂದು ಟೇಪನ್ನು ಕ್ಯಾಮೆರಾದಲ್ಲೇ ನೋಡಿದೆ. ಮೂರನೇ ಟೇಪಿನ ಶುರುವಿಗೆ ಅಜ್ಜಿ ಇದ್ದಳು, ಆರತಿ ತಟ್ಟೆ ಹಿಡಿದುಕೊಂಡು. ಈಗ ಅಲ್ಲಿ ಅವನ ಅಂಗಡಿಯ ಫ್ಯಾನ್ ತಿರುಗುತ್ತಿದೆ. ನಲವತ್ತು ಸೆಕೆಂಡು ಬರೀ ಫ್ಯಾನ್. ಹಿಂದಿನಿಂದ ಅವನದೇ ದನಿ, "ಲೇ, ಎರಡು ಚಾ ಹೇಳೋ." ಫೋನ್ ಮಾಡಿದರೆ "ನಾವ್ ರೆಕಾರ್ಡ್ ಬಟನ್ ಮುಟ್ಟೇ ಇಲ್ರಿ ಸರ್" ಅಂತಾನೆ. ಹಾಗಾದರೆ ಚಾ ಹೇಳಿದ್ದು ಯಾರಪ್ಪಾ ಅಂದೆ. ಫೋನ್ ಇಟ್ಟ. ಅಜ್ಜಿ ಈಗಿಲ್ಲ.

ಟೇಪಿನ ಅಂಚಲ್ಲಿರೋ ಸಣ್ಣ ಗುಂಡಿಯನ್ನು ಸೇವ್ ಕಡೆ ಸರಿಸಿ ಕೊಡಿ, ಆಗ ರೆಕಾರ್ಡ್ ಆಗೋದಿಲ್ಲ. ನಾನು ಸರಿಸಿರಲಿಲ್ಲ, ಅಕ್ಕನಿಗೆ ಇನ್ನೂ ಹೇಳಿಲ್ಲ. ಫೈರ್‌ವೈರ್ ಐತಿ ಅಂದರೆ ವೈರ್ ತೋರಿಸಪ್ಪಾ ಅನ್ನಿ. ನಾನಂತೂ ಇನ್ನು ಯಾವ ಅಂಗಡಿಗೂ ಕೊಡೋದಿಲ್ಲ. ಫೈರ್‌ವೈರ್ ಕಾರ್ಡ್ ಇರೋ ಹಳೇ ಡೆಸ್ಕ್‌ಟಾಪ್ ಧಾರವಾಡದ ಕಡೆ ಯಾರ ಮನೆಯಲ್ಲಾದರೂ ಇದ್ದರೆ ಹೇಳಿ, ಟೇಪ್ ಹಿಡಿದುಕೊಂಡು ನಾನೇ ಬರುತ್ತೇನೆ.