ಮಹೇಲಿಯಾ ಜಾಕ್ಸನ್: ಒಂದೇ ಆಲ್ಬಂ, ಎರಡು ಸಲ ಕೊಂಡೆ

ಗೆದ್ದದ್ದು 400 ರೂಪಾಯಿಯ ಹಳೇ ಸೀಡಿ. ಸೋತದ್ದು 2,600 ಕೊಟ್ಟು ತಂದ, ಸೂಜಿ ಇಟ್ಟು ಕೇಳುವ ಎಲ್‌ಪಿ. ಎರಡರಲ್ಲೂ ಇರುವುದು ಒಂದೇ ಸ್ಟುಡಿಯೋ ಆಲ್ಬಂ, ಅಮೆರಿಕದ ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕಿ ಮಹೇಲಿಯಾ ಜಾಕ್ಸನ್ ಅವರ ‘ದಿ ವರ್ಲ್ಡ್ಸ್ ಗ್ರೇಟೆಸ್ಟ್ ಗಾಸ್ಪೆಲ್ ಸಿಂಗರ್’. 1954ರ ಕೊನೆಗೆ ಹಾಡಿದ್ದು. ಪಿಯಾನೋ ಮಿಲ್ಡ್ರೆಡ್ ಫಾಲ್ಸ್ ಅವರದು.

1971ರಲ್ಲಿ ಮಹೇಲಿಯಾ ಭಾರತಕ್ಕೂ ಬಂದು ಹಾಡಿ ಹೋಗಿದ್ದರು. ಆದರೂ ನಮ್ಮಲ್ಲಿ ಅವರ ಎಲ್‌ಪಿ ಕಣ್ಣಿಗೆ ಬೀಳುವುದೇ ಅಪರೂಪ. ಹಾಗಾಗಿ ಕಂಡ ಕೂಡಲೇ ಕೊಂಡುಬಿಟ್ಟೆ. ಕವರ್ ಮೇಲೆ ದೊಡ್ಡದಾಗಿ ‘ಸ್ಟೀರಿಯೋ’ ಅಂತ ಇತ್ತು. ಪಕ್ಕದ ಸಣ್ಣ ಅಕ್ಷರ ಓದಲಿಲ್ಲ. ಎಡವಿದ್ದು ಅಲ್ಲೇ.

ಈ ಹಾಡುಗಳು ಮೂಲದಲ್ಲಿ ಮೋನೋ, ಅಂದರೆ ಎರಡೂ ಸ್ಪೀಕರಿಗೆ ಒಂದೇ ಸದ್ದು; ಸ್ಟೀರಿಯೋದಲ್ಲಿ ಒಂದೊಂದಕ್ಕೆ ಬೇರೆ ಬೇರೆ. ಸ್ಟೀರಿಯೋ ಎಲ್‌ಪಿ ಅಂಗಡಿಗೆ ಬಂದದ್ದೇ 1958ರಲ್ಲಿ. ಆಮೇಲೆ ಜನ ಸ್ಟೀರಿಯೋನೇ ಬೇಕು ಅಂದರು. ಆಗ ರೆಕಾರ್ಡ್ ಕಂಪನಿಗಳು ಹಳೇ ಮೋನೋ ಹಾಡನ್ನೇ ಎರಡು ಪಾಲು ಮಾಡಿದವು. ಒಂದು ಸ್ಪೀಕರಿಗೆ ಬೇಸ್ (ತಗ್ಗು ಸ್ವರ) ಜಾಸ್ತಿ, ಇನ್ನೊಂದಕ್ಕೆ ಟ್ರೆಬಲ್ (ಏರು ಸ್ವರ) ಜಾಸ್ತಿ. ಕೆಲವು ಸಲ ಒಂದು ಕಡೆಯ ಸದ್ದನ್ನು ಚೂರು ತಡವಾಗಿ ಬಿಟ್ಟು, ಮೇಲೊಂದಿಷ್ಟು ಎಕೋ. ನನಗೆ ಸಿಕ್ಕಿದ್ದು ಇಂಥ ಮರುಮುದ್ರಣ.

ಕೇಳಿದರೆ ಎಡಗಡೆ ಆಕೆಯ ಎದೆ, ಬಲಗಡೆ ಹಲ್ಲು. ನಡುವೆ ಬಾಯಿಯೇ ಇಲ್ಲ! ಅಷ್ಟು ತುಂಬಿದ ದನಿ ಅವರದು, ಅದನ್ನು ಸೀಳಿ ಎರಡು ಗೋಡೆಗೆ ಒಣಹಾಕಿದ ಹಾಗಿತ್ತು.

ಸರಿಮಾಡಲು ಏನೆಲ್ಲ ಮಾಡಿದೆ. ಆಂಪ್ಲಿಫೈಯರಿನ ಮೋನೋ ಬಟನ್ ಒತ್ತಿದೆ. ಹಾಡು ಬಿಂದಿಗೆಯೊಳಗಿಂದ ಬಂದಂತಾಯಿತು. ಬ್ಯಾಲೆನ್ಸ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಕಂಬಳಿ ಹೊದ್ದು ಹಾಡಿದ ಹಾಗೆ, ಬಲಕ್ಕೆ ತಿರುಗಿಸಿದರೆ ಹಳೇ ಟ್ರಂಕ್ ಕಾಲ್ ಹಾಗೆ. ಸೂಜಿ ಸವೆದಿರಬೇಕು ಅಂತ ಇನ್ನೂ 1,100 ಸುರಿದೆ. ಸೂಜಿಯದೇನು ತಪ್ಪು, ಪಾಪ. ಅಂಗಡಿಗೆ ಹೋಗಿ ಕೇಳಿದರೆ, ‘ಗೀರಿಲ್ಲ ಅಲ್ವಾ ಸಾರ್, ಇನ್ನೇನು?’ ಅಂದರು. ಗೀರಂತೂ ಇರಲಿಲ್ಲ.

ಸೀಡಿ ಅಪ್ಪಟ ಮೋನೋ. ಎರಡೂ ಸ್ಪೀಕರಿನಿಂದ ಒಂದೇ ಸದ್ದು ಬರುವುದರಿಂದ ದನಿ ನಟ್ಟನಡುವೆ ಬಂದು ನಿಲ್ಲುತ್ತದೆ. ಜೊತೆಗಿದ್ದ ಪುಸ್ತಕ ಹರಿದಿದೆ. ಇರಲಿ.

ಮೂರನೆಯದು ಗೆಳೆಯನಿಂದ ಎರಡು ವಾರಕ್ಕೆ ತಂದ ‘ನ್ಯೂಪೋರ್ಟ್ 1958’. ರೋಡ್ ಐಲೆಂಡಿನ ಜಾಜ್ ಉತ್ಸವದಲ್ಲಿ ಜನರ ಮುಂದೆ ಹಾಡಿದ್ದು. ಹಾಡುಗಾರಿಕೆಯಲ್ಲಿ ಇದೇ ಒಂದು ಕೈ ಮೇಲು, ಒಪ್ಪಲೇಬೇಕು. ಸ್ಟುಡಿಯೋದಲ್ಲಿ ಹಾಡು ಕಾವೇರುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ. ಮಹೇಲಿಯಾ ಚರ್ಚಿನಲ್ಲಿ ಒಂದೇ ಸಾಲನ್ನು ಹಿಗ್ಗಿಸಿ ಹಿಗ್ಗಿಸಿ ಹಾಡಿ ಬೆಳೆದವರು. 1947ರ ‘ಮೂವ್ ಆನ್ ಅಪ್ ಎ ಲಿಟಲ್ ಹೈಯರ್’ಗೆ ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ತಟ್ಟೆಯ ಎರಡೂ ಬದಿ ಬೇಕಾಗಿತ್ತು. ನ್ಯೂಪೋರ್ಟಿನಲ್ಲಿ ‘ಡಿಡಂಟ್ ಇಟ್ ರೇನ್’ ಶುರುವಾದರೆ ಕೂತಲ್ಲಿ ಕೂರಲಾಗುವುದಿಲ್ಲ.

ಆದರೆ ನಾನು ಹಾಡು ಕೇಳುವುದು ರಾತ್ರಿ ಹನ್ನೊಂದರ ಮೇಲೆ, ಪಾತ್ರೆ ತೊಳೆದಿಟ್ಟು. ಕೆಳಗೆ ಓನರ್ ಮನೆ. ಸಣ್ಣಗೆ ಇಟ್ಟರೆ ಆಕೆ ಮೆಲ್ಲಗೆ ಹಾಡುವ ಕಡೆ ಏನೂ ಕೇಳಿಸುವುದಿಲ್ಲ. ಜಾಸ್ತಿ ಮಾಡಿದರೆ ಚಪ್ಪಾಳೆಗೆ ಓನರ್ ಮನೆಯ ಲೈಟು ಹತ್ತುತ್ತದೆ. ಒಂದು ಕೈ ಸದಾ ವಾಲ್ಯೂಮ್ ಮೇಲೇ ಇರಬೇಕು. ಸ್ಟುಡಿಯೋ ಆಲ್ಬಮ್ಮಿಗೆ ಈ ಕಾಟವಿಲ್ಲ. ಒಮ್ಮೆ ಇಟ್ಟರೆ ಕೊನೆಯವರೆಗೂ ಒಂದೇ ಮಟ್ಟ. ನನ್ನ ಬಾಡಿಗೆ ಮನೆಗೂ ಜೇಬಿಗೂ ಸೀಡಿಯೇ ಸರಿ.

ಒಂಟಿ ಮನೆ ಇದ್ದವರು ಸುಮ್ನೆ ನ್ಯೂಪೋರ್ಟ್ ತಗೊಳ್ಳಿ. ಸ್ಟುಡಿಯೋ ಆಲ್ಬಂ ಎಲ್‌ಪಿಯಲ್ಲೇ ಬೇಕು ಅನ್ನುವವರು ಮೋನೋ ಪ್ರತಿ ಹುಡುಕಿ. ಕವರಿನಲ್ಲಿ ‘ಎಲೆಕ್ಟ್ರಾನಿಕಲಿ ರೀ-ಚಾನೆಲ್ಡ್’ ಅಂತ ಕಂಡರೆ, ಅದು ಮೋನೋ ಸೀಳಿ ಮಾಡಿದ ಸ್ಟೀರಿಯೋ, ವಾಪಸ್ ಇಟ್ಟುಬಿಡಿ.

ಅದೂ ಆಗಬಹುದು ಅನ್ನುವವರಿದ್ದರೆ ನನ್ನದು ಮಾರಾಟಕ್ಕಿದೆ. ಗೀರಿಲ್ಲ.