ಟ್ರೇಡ್‌ಸ್ಟ್ಯಾಟ್: ಕರಾವಳಿಯ ಅರ್ಥಶಾಸ್ತ್ರ ವಿದ್ಯಾರ್ಥಿಗಳಿಗೆ ಪುಕ್ಕಟೆ ಸಿಗುವ ಆಮದು-ರಫ್ತಿನ ಲೆಕ್ಕ

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಅರ್ಥಶಾಸ್ತ್ರ ಓದುವವರಿರಲಿ, ಉಡುಪಿಯ ಕಾಲೇಜುಗಳಲ್ಲಿ ಪದವಿಯ ಕೊನೆಯ ವರ್ಷದಲ್ಲಿರುವವರಿರಲಿ, ಅಂತರರಾಷ್ಟ್ರೀಯ ವ್ಯಾಪಾರದ ವಿಷಯಕ್ಕೆ ಪ್ರಾಜೆಕ್ಟ್ ಮಾಡಿ ಎಂದ ಕೂಡಲೇ ನೆನಪಾಗುವುದು ಗೇರುಬೀಜ, ಮೀನು, ಕಾಫಿ. ಆಯ್ಕೆ ಸರಿಯಾದದ್ದೇ. ಆದರೆ ಅಂಕಿ-ಅಂಶಕ್ಕೆ ಹಳೆಯ ಪ್ರಾಜೆಕ್ಟ್ ವರದಿಗಳನ್ನೋ ಪತ್ರಿಕೆಯ ತುಣುಕುಗಳನ್ನೋ ನೆಚ್ಚಿಕೊಂಡರೆ ಎಲ್ಲ ಕೆಡುತ್ತದೆ. ಕೇಂದ್ರ ವಾಣಿಜ್ಯ ಸಚಿವಾಲಯದ ಟ್ರೇಡ್‌ಸ್ಟ್ಯಾಟ್ ಜಾಲತಾಣದಲ್ಲಿ ಮೂಲ ಲೆಕ್ಕವೇ ಸಿಗುತ್ತದೆ, ಅದೂ ದುಡ್ಡು ಕೊಡದೆ. ವ್ಯಾಪಾರದ ಅಂಕಿ-ಅಂಶ ಕಲೆಹಾಕುವ ಕೋಲ್ಕತ್ತದ ಸರ್ಕಾರಿ ಸಂಸ್ಥೆ ಡಿಜಿಸಿಐ ಆ್ಯಂಡ್ ಎಸ್ ಕಸ್ಟಮ್ಸ್ ದಾಖಲೆಗಳಿಂದ, ಅಂದರೆ ರಫ್ತಿನ ಶಿಪ್ಪಿಂಗ್ ಬಿಲ್ ಮತ್ತು ಆಮದಿನ ಬಿಲ್ ಆಫ್ ಎಂಟ್ರಿಗಳಿಂದ, ಒಟ್ಟುಮಾಡಿದ ಲೆಕ್ಕ ಇದು. ಸ್ನಾತಕೋತ್ತರ ಮಟ್ಟದ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೆಯ ಉಚಿತ ಸೇವೆ ಭಾರತದಲ್ಲಿ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಬಳಸುವ ಕ್ರಮವನ್ನು ಮಾತ್ರ ಜಾಲತಾಣ ಹೇಳಿಕೊಡುವುದಿಲ್ಲ. ತಪ್ಪುಗಳೆಲ್ಲ ಅಲ್ಲೇ ಶುರುವಾಗುತ್ತವೆ.

ಮೊದಲು ಎಚ್‌ಎಸ್ (ಹಾರ್ಮೊನೈಸ್ಡ್ ಸಿಸ್ಟಮ್) ಕೋಡ್, ಅಂದರೆ ಪ್ರತಿ ಸರಕಿಗೂ ಕೊಟ್ಟಿರುವ ಅಂಕಿ. ವಿಶ್ವ ಕಸ್ಟಮ್ಸ್ ಸಂಘಟನೆಯ ಈ ವರ್ಗೀಕರಣದಲ್ಲಿ ಮೊದಲ ಆರು ಅಂಕಿ ಎಲ್ಲ ದೇಶಗಳಿಗೂ ಒಂದೇ. ಕೊನೆಯ ಎರಡನ್ನು ಭಾರತ ತನ್ನ ಅಗತ್ಯಕ್ಕೆ ಸೇರಿಸಿಕೊಂಡಿದೆ, ಒಟ್ಟು ಎಂಟು. ಗೇರುಬೀಜವನ್ನೇ ನೋಡಿ. ನಾಲ್ಕು ಅಂಕಿಯ 0801 ಹಾಕಿದರೆ ತೆಂಗಿನಕಾಯಿಯೂ ಬ್ರೆಜಿಲ್ ನಟ್ಟೂ ಗೇರುಬೀಜದ ಜೊತೆಗೆ ಬಂದುಬಿಡುತ್ತವೆ. 080131 ಅಂದರೆ ಸಿಪ್ಪೆ ಸಮೇತದ ಕಚ್ಚಾ ಬೀಜ, ಆಫ್ರಿಕಾದಿಂದ ನಮ್ಮ ಕಾರ್ಖಾನೆಗಳಿಗೆ ಬರುವಂಥದ್ದು. 080132 ಅಂದರೆ ಸುಲಿದ ತಿರುಳು. ಅದರೊಳಗೆ 08013210 ತುಂಡು, 08013220 ಇಡೀ ಬೀಜ. ಆಮದಿಗೆ 080131, ರಫ್ತಿಗೆ 080132 ಬೇರೆ ಬೇರೆಯಾಗಿ ತೆಗೆಯಬೇಕು. ಎರಡನ್ನೂ ಕೂಡಿಸಿ ‘ಗೇರುಬೀಜ ವ್ಯಾಪಾರ’ ಎಂದು ಒಂದೇ ಗೆರೆ ಎಳೆದರೆ, ಹೊರಗಿಂದ ತಂದು ಸಂಸ್ಕರಿಸಿ ಕಳಿಸುವ ಈ ಉದ್ಯಮದ ಸ್ವರೂಪವೇ ಕಾಣೆಯಾಗುತ್ತದೆ. ಒಂದು ಕಿಲೋ ತಿರುಳಿಗೆ ಸುಮಾರು ನಾಲ್ಕರಿಂದ ಐದು ಕಿಲೋ ಕಚ್ಚಾ ಬೀಜ ಬೇಕು ಎಂಬುದು ತಲೆಯಲ್ಲಿದ್ದರೆ ಆಮದು-ರಫ್ತಿನ ಪ್ರಮಾಣಗಳನ್ನು ಹೋಲಿಸಲು ಸುಲಭ. ಇನ್ನೊಂದು ವಿಷಯ: ಭಾರತದಲ್ಲೇ ಗೇರುಬೀಜಕ್ಕೆ ದೊಡ್ಡ ಮಾರುಕಟ್ಟೆ ಇದೆ. ರಫ್ತು ಇಳಿಯಿತು ಎಂದ ಮಾತ್ರಕ್ಕೆ ಉದ್ಯಮ ಸೊರಗಿತು ಎಂದು ಬರೆಯುವಂತಿಲ್ಲ. ಗಡಿ ದಾಟದ ಸರಕು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಮೀನಿನ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ಎಚ್‌ಎಸ್ ವರ್ಗೀಕರಣ ಆಗಾಗ ಪರಿಷ್ಕರಣೆಯಾಗುತ್ತದೆ. 2007, 2012, 2017, 2022ರಲ್ಲಿ ಆಗಿದೆ. ಶೈತ್ಯೀಕರಿಸಿದ ಸಿಗಡಿ 2012ರ ಮೊದಲು 030613ರಲ್ಲಿತ್ತು. ಆ ವರ್ಷದ ಪರಿಷ್ಕರಣೆಯಲ್ಲಿ ಅದು 030616 (ತಣ್ಣೀರಿನ ಸಿಗಡಿ) ಮತ್ತು 030617 (ಉಳಿದದ್ದು) ಎಂದು ಎರಡಾಯಿತು. ಹಳೆಯ ಕೋಡನ್ನೇ ಹಿಡಿದು ಗ್ರಾಫ್ ಬರೆದರೆ 2012ರ ನಂತರ ಸಿಗಡಿ ರಫ್ತು ನಿಂತೇಹೋಯಿತು ಎಂಬಂತೆ ಕಾಣುತ್ತದೆ. ಅದಕ್ಕೊಂದು ಕಾರಣ ಹುಡುಕಿ, ಯುರೋಪಿನ ಬಿಕ್ಕಟ್ಟನ್ನೋ ಗುಣಮಟ್ಟದ ನಿಯಮಗಳನ್ನೋ ದೂರಿ, ಒಂದು ಅಧ್ಯಾಯವನ್ನೇ ಬರೆದುಬಿಡುವ ಅಪಾಯವಿದೆ. ಯಾವುದೇ ಸರಣಿ ಒಮ್ಮೆಲೇ ಸೊನ್ನೆಗೆ ಬಿದ್ದರೆ ಅಥವಾ ಸೊನ್ನೆಯಿಂದ ಮೇಲೆದ್ದರೆ, ಆರ್ಥಿಕ ಕಾರಣ ಹುಡುಕುವ ಮೊದಲು ಕೋಡ್ ಬದಲಾಗಿದೆಯೇ ನೋಡಿ.

ಹಾಗೆಯೇ ಮಲ್ಪೆಯಲ್ಲಿ ಇಳಿಯುವ ಮೀನಿನ ಕತೆ ಎಚ್‌ಎಸ್‌ನ 3ನೇ ಅಧ್ಯಾಯಕ್ಕೇ, ಅಂದರೆ 03ರಿಂದ ಶುರುವಾಗುವ ಕೋಡ್‌ಗಳಿಗೇ, ಮುಗಿಯುವುದಿಲ್ಲ. ಫಿಶ್‌ಮೀಲ್ (ಮೀನಿನ ಹಿಟ್ಟು) ಇರುವುದು 230120ರಲ್ಲಿ, ಮೀನೆಣ್ಣೆ 1504ರಲ್ಲಿ. ಕಾಫಿಯದ್ದೂ ಇದೇ ಪಾಡು: ಬೀಜ 0901ರಲ್ಲಿ, ಇನ್‌ಸ್ಟಂಟ್ ಕಾಫಿ 2101ರಲ್ಲಿ. 0901 ಒಂದನ್ನೇ ತೆಗೆದುಕೊಂಡರೆ ಭಾರತದ ಕಾಫಿ ರಫ್ತಿನ ಒಂದು ದೊಡ್ಡ ಪಾಲು ಕೈತಪ್ಪುತ್ತದೆ.

ಕೋಡ್ ನಿಶ್ಚಯವಾದ ಮೇಲೆ ಕೆಲಸ ಸರಳ. ರಫ್ತೋ ಆಮದೋ ಆರಿಸಿ, ಸರಕುವಾರು ಅಥವಾ ದೇಶವಾರು ಪಟ್ಟಿ ತೆರೆದು, ವರ್ಷ, ಕೋಡ್ ಹಾಕಿದರೆ ಕೋಷ್ಟಕ ಬರುತ್ತದೆ. ಒಂದು ಸಲಕ್ಕೆ ಆಯ್ದ ವರ್ಷ ಮತ್ತು ಅದರ ಹಿಂದಿನ ವರ್ಷ, ಪಕ್ಕದಲ್ಲಿ ಶೇಕಡಾವಾರು ಬೆಳವಣಿಗೆ. ಹತ್ತು ವರ್ಷದ ಸರಣಿ ಬೇಕಾದರೆ ಒಂದು ವರ್ಷ ಬಿಟ್ಟು ಒಂದರಂತೆ ಐದು ಸಲ ತೆಗೆದು ಎಕ್ಸೆಲ್‌ನಲ್ಲಿ ಜೋಡಿಸಬೇಕು. ಬೇಸರದ ಕೆಲಸ ಹೌದು, ಸೇವೆಯ ದೊಡ್ಡ ಕೊರತೆಯೂ ಇದೇ. ಇತ್ತೀಚಿನ ವರ್ಷದ ಅಂಕಿಗಳು ಮುಂದೆ ಪರಿಷ್ಕರಣೆಯಾಗುವ ಸಾಧ್ಯತೆ ಇರುವುದರಿಂದ, ಎಲ್ಲವನ್ನೂ ಒಂದೇ ದಿನ ತೆಗೆದು ಆ ದಿನಾಂಕವನ್ನು ಕೋಷ್ಟಕದ ಕೆಳಗೆ ಬರೆಯುವುದು ಒಳ್ಳೆಯದು. ಪ್ರಮಾಣ ಬೇಕಾದಾಗ ಎಂಟು ಅಂಕಿಯ ಕೋಡಿಗೇ ಹೋಗಿ. ಮೇಲಿನ ಹಂತದಲ್ಲಿ ಬೇರೆ ಬೇರೆ ಸರಕು ಸೇರಿಕೊಂಡಿರುವುದರಿಂದ ಮೌಲ್ಯವನ್ನು ಪ್ರಮಾಣದಿಂದ ಭಾಗಿಸಿ ಬರುವ ಸರಾಸರಿ ಬೆಲೆಗೆ ಅರ್ಥವಿರುವುದಿಲ್ಲ.

ರೂಪಾಯಿಯೋ ಡಾಲರೋ? ಬೆಳವಣಿಗೆ ತೋರಿಸುವ ಅಧ್ಯಯನಕ್ಕೆ ಡಾಲರೇ ಇರಲಿ. 2010-11ರಲ್ಲಿ ಡಾಲರಿನ ಸರಾಸರಿ ಬೆಲೆ 46 ರೂಪಾಯಿಯ ಹತ್ತಿರ ಇತ್ತು, 2023-24ರಲ್ಲಿ 83ರ ಹತ್ತಿರ. ಡಾಲರ್ ಲೆಕ್ಕದಲ್ಲಿ ರಫ್ತು ಒಂದಿಷ್ಟೂ ಹೆಚ್ಚದಿದ್ದರೂ ರೂಪಾಯಿ ಲೆಕ್ಕದಲ್ಲಿ ಅದು ಶೇ. 80ರಷ್ಟು ಏರಿದಂತೆ ಕಾಣುತ್ತದೆ. ವಿನಿಮಯ ದರದ ಪರಿಣಾಮವೇ ಅಧ್ಯಯನದ ವಿಷಯವಾಗಿದ್ದರೆ ರಿಸರ್ವ್ ಬ್ಯಾಂಕಿನ ದತ್ತಾಂಶ ತಾಣಕ್ಕೆ ಹೋಗಿ 40 ಕರೆನ್ಸಿಗಳ ಆರ್‌ಇಇಆರ್ ಸೂಚ್ಯಂಕ (ಬೆಲೆ ಏರಿಕೆಯ ವ್ಯತ್ಯಾಸ ಕಳೆದು, ಆ ಕರೆನ್ಸಿಗಳೆದುರು ರೂಪಾಯಿಯ ಮೌಲ್ಯ ತೋರಿಸುವ ಲೆಕ್ಕ) ತೆಗೆಯಬೇಕು. 2015-16ನ್ನು 100 ಎಂದಿಟ್ಟ ಸರಣಿ ಅಲ್ಲಿದೆ. ಅದು 100 ದಾಟಿತು ಎಂದರೆ ಮೂಲ ವರ್ಷಕ್ಕೆ ಹೋಲಿಸಿದಾಗ ನೈಜ ಮೌಲ್ಯ ಏರಿದೆ ಎಂದಷ್ಟೇ ಅರ್ಥ. ರೂಪಾಯಿ ಇರಬೇಕಾದ್ದಕ್ಕಿಂತ ದುಬಾರಿ ಎಂದು ಅದೊಂದರಿಂದಲೇ ತೀರ್ಪು ಕೊಡಲಾಗದು.

ಎಲ್ಲ ದೇಶಗಳ ವ್ಯಾಪಾರದ ಲೆಕ್ಕವಿರುವ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ತಾಣದ ಜೊತೆ ಹೋಲಿಸಿದಾಗ ಲೆಕ್ಕ ತಾಳೆಯಾಗದಿದ್ದರೆ ಗಾಬರಿ ಬೇಡ. ಟ್ರೇಡ್‌ಸ್ಟ್ಯಾಟ್‌ನ ವಾರ್ಷಿಕ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, ಕಾಮ್‌ಟ್ರೇಡ್‌ನದ್ದು ಜನವರಿಯಿಂದ ಡಿಸೆಂಬರ್‌ವರೆಗೆ. ರಫ್ತಿನ ಮೌಲ್ಯ ಎಫ್‌ಒಬಿ (ಹಡಗು ಹತ್ತುವವರೆಗಿನ ಬೆಲೆ), ಆಮದಿನದ್ದು ಸಿಐಎಫ್ (ಸಾಗಣೆ, ವಿಮೆ ಸೇರಿದ ಬೆಲೆ). ನವಮಂಗಳೂರು ಬಂದರಿರುವ ಪಣಂಬೂರಿನಲ್ಲಿ ಹಡಗು ಹತ್ತುವಾಗ 100 ಡಾಲರ್ ಎಂದು ದಾಖಲಾದ ಸರಕಿಗೆ 8 ಡಾಲರ್ ಸಾಗಣೆ, 1 ಡಾಲರ್ ವಿಮೆ ಸೇರಿದರೆ ಆ ಕಡೆಯ ದೇಶದ ಲೆಕ್ಕದಲ್ಲಿ ಅದು 109. ಅರ್ಥಶಾಸ್ತ್ರಜ್ಞ ಬಲಸ್ಸಾ 1965ರಲ್ಲಿ ಕೊಟ್ಟ ತುಲನಾತ್ಮಕ ಅನುಕೂಲದ ಸೂಚ್ಯಂಕವನ್ನು ಲೆಕ್ಕಹಾಕುವವರು ಇದನ್ನು ಮರೆಯಬಾರದು. ಭಾರತದ ಒಟ್ಟು ರಫ್ತಿನಲ್ಲಿ ಗೇರುಬೀಜದ ಪಾಲನ್ನು ವಿಶ್ವ ರಫ್ತಿನಲ್ಲಿ ಗೇರುಬೀಜದ ಪಾಲಿನಿಂದ ಭಾಗಿಸುವ ಆ ಸೂತ್ರದಲ್ಲಿ ನಾಲ್ಕು ಸಂಖ್ಯೆಗಳೂ ಒಂದೇ ಮೂಲದವಾಗಿರಬೇಕು. ಅಂಶಕ್ಕೆ ಟ್ರೇಡ್‌ಸ್ಟ್ಯಾಟ್, ಛೇದಕ್ಕೆ ಕಾಮ್‌ಟ್ರೇಡ್ ಎಂದು ಬೆರೆಸಿದರೆ ಬರುವ ಉತ್ತರ ಪ್ರಯೋಜನಕ್ಕಿಲ್ಲ. ಇಂಥ ಕೆಲಸಕ್ಕೆ ಪೂರ್ತಿ ಕಾಮ್‌ಟ್ರೇಡನ್ನೇ ಬಳಸುವುದು ಸರಿ.

ಕೆಲವು ವಿಷಯಗಳಿಗೆ ಈ ತಾಣ ಆಗಿಬರುವುದಿಲ್ಲ. ಗಲ್ಫಿನಿಂದ ಮನೆಗೆ ಬರುವ ಹಣ, ಸಾಫ್ಟ್‌ವೇರ್ ಸೇವೆಗಳ ರಫ್ತು ಇಲ್ಲಿ ಸಿಗದು. ಅವು ರಿಸರ್ವ್ ಬ್ಯಾಂಕಿನ ಬ್ಯಾಲೆನ್ಸ್ ಆಫ್ ಪೇಮೆಂಟ್ಸ್ (ವಿದೇಶಗಳೊಂದಿಗಿನ ಪಾವತಿ ಬಾಕಿ) ಕೋಷ್ಟಕಗಳಲ್ಲಿವೆ. ನವಮಂಗಳೂರು ಬಂದರಿನಿಂದ ಹೋದದ್ದೆಷ್ಟು ಎಂಬ ಪ್ರಶ್ನೆಗೂ ಸರಕು-ದೇಶದ ಈ ಕೋಷ್ಟಕಗಳು ಉತ್ತರ ಕೊಡುವುದಿಲ್ಲ. 2022ರಲ್ಲಿ ಶುರುವಾದ ಕೇಂದ್ರ ಸರ್ಕಾರದ ನಿರ್ಯಾತ್ ಪೋರ್ಟಲ್‌ನಲ್ಲಿ ಜಿಲ್ಲಾವಾರು ರಫ್ತು ನೋಡಬಹುದು. ಆದರೆ ಜಿಲ್ಲೆಯ ರಫ್ತೇ ಬೇರೆ, ಬಂದರಿನ ಮೂಲಕ ಹೋದ ರಫ್ತೇ ಬೇರೆ. ಚಿಕ್ಕಮಗಳೂರಿನ ಕಾಫಿ ಪಣಂಬೂರಿನಲ್ಲಿ ಹಡಗು ಹತ್ತಿತೆಂದು ದಕ್ಷಿಣ ಕನ್ನಡದ ಉತ್ಪನ್ನವಾಗುವುದಿಲ್ಲ.

ಕೊನೆಗೆ ರಿಗ್ರೆಶನ್ (ಒಂದು ಅಂಕಿಯ ಏರಿಳಿತದಲ್ಲಿ ಬೇರೆ ಅಂಶಗಳ ಪಾಲೆಷ್ಟು ಎಂದು ಅಳೆಯುವ ಸಂಖ್ಯಾಶಾಸ್ತ್ರದ ವಿಧಾನ) ಮಾಡುವವರಿಗೆ. ಹತ್ತು ವರ್ಷದ ವಾರ್ಷಿಕ ಲೆಕ್ಕ ಅಂದರೆ ಬರೀ ಹತ್ತು ಬಿಂದು. ಅದರ ಮೇಲೆ ಮೂರು ನಾಲ್ಕು ಚರಾಂಶಗಳನ್ನು ಹೇರಿದರೆ ಫಲಿತಾಂಶವನ್ನು ಯಾರೂ ನಂಬುವುದಿಲ್ಲ, ನಂಬಲೂಬಾರದು. ಇದೇ ತಾಣದ ಮಾಸಿಕ ವಿಭಾಗಕ್ಕೆ ಹೋದರೆ ಐದು ವರ್ಷಕ್ಕೆ 60 ಬಿಂದು ಸಿಗುತ್ತವೆ. ಅಲ್ಲಿ ಆ ತಿಂಗಳೊಂದರ ಲೆಕ್ಕವೂ ಏಪ್ರಿಲ್‌ನಿಂದ ಆ ತಿಂಗಳವರೆಗಿನ ಒಟ್ಟು ಲೆಕ್ಕವೂ ಇರುತ್ತವೆ. ಒಟ್ಟು ಲೆಕ್ಕವನ್ನು ತಿಂಗಳಿನದ್ದೆಂದು ತೆಗೆದುಕೊಂಡರೆ ಗ್ರಾಫ್ ಪ್ರತಿ ಮಾರ್ಚ್‌ವರೆಗೆ ಏರಿ ಏಪ್ರಿಲ್‌ಗೆ ಕುಸಿಯುತ್ತದೆ. ಗರಗಸದ ಹಲ್ಲಿನಂಥ ಆ ಆಕಾರ ಕಂಡರೆ ಕೋಷ್ಟಕವನ್ನು ಮತ್ತೆ ತೆಗೆಯಿರಿ.