ಏಳು ವರ್ಷ ಮಗಳನ್ನು ಕಳುಹಿಸಿದ ಮೇಲೆ: ಟೌನ್ಸ್‌ವಿಲ್‌ನ ಒಂದು ಕ್ಯಾಥೊಲಿಕ್ ಶಾಲೆ

ಚನ್ನರಾಯಪಟ್ಟಣದ ಕಡೆಯವರಾದ ನಮಗೆ ‘ಕಾನ್ವೆಂಟ್’ ಎಂದರೆ ಇಸ್ತ್ರಿ ಮಾಡಿದ ಸಮವಸ್ತ್ರ, ಕತ್ತಿಗೆ ಟೈ, ಕನ್ನಡ ಮಾತನಾಡಿದರೆ ದಂಡ. ಅದೇ ಲೆಕ್ಕಾಚಾರದಲ್ಲಿ, ಆಸ್ಟ್ರೇಲಿಯಾದ ಟೌನ್ಸ್‌ವಿಲ್‌ಗೆ ಬಂದ ಹೊಸದರಲ್ಲಿ, ಮನೆಗೆ ಹತ್ತಿರದ ಸರ್ಕಾರಿ ಶಾಲೆಯನ್ನು ಬಿಟ್ಟು ಮಗಳನ್ನು ಕ್ಯಾಥೊಲಿಕ್ ಶಾಲೆಗೆ ಸೇರಿಸಿದೆವು. ಮೊದಲ ದಿನ ಕಂಡದ್ದು ಮೈದಾನದಲ್ಲಿ ಬರಿಗಾಲಿನಲ್ಲಿ ಓಡುವ ಮಕ್ಕಳು ಮತ್ತು ಮಾವಿನ ಮರದ ಕೆಳಗೆ ದುಂಡಗೆ ಜೋಡಿಸಿದ ಕಲ್ಲುಗಳು. ಆ ಕಲ್ಲುಗಳನ್ನು ಇಲ್ಲಿ ‘ಯಾರ್ನಿಂಗ್ ಸರ್ಕಲ್’ ಎನ್ನುತ್ತಾರೆ. ನಮ್ಮ ಅರಳಿಕಟ್ಟೆ ಇದ್ದ ಹಾಗೆ, ಕುಳಿತು ಮಾತನಾಡುವ ಜಾಗ. ‘ಶಿಸ್ತು ಎಲ್ಲಿ?’ ಎಂದು ನನ್ನ ಗಂಡ ಮೆಲ್ಲಗೆ ಕೇಳಿದ್ದು ನೆನಪಿದೆ.

ಒಂದನೆಯ ತರಗತಿಗೆ ಮೊದಲಿನ ಪ್ರೆಪ್‌ನಿಂದ ಆರನೆಯ ತರಗತಿಯವರೆಗೆ ಮುಗಿಸಿ ಮಗಳು ಕಳೆದ ಡಿಸೆಂಬರ್‌ನಲ್ಲಿ ಹೊರಬಂದಳು. ಶಾಲೆಯ ಹೆಸರು ಬರೆಯುವುದಿಲ್ಲ. ಊರು ಚಿಕ್ಕದು, ಕೆಳಗೆ ದೂರುಗಳೂ ಇವೆ.

ಕನ್ನಡದವರು ಮೊದಲು ಕೇಳುವ ಪ್ರಶ್ನೆಗೆ ಮೊದಲು ಉತ್ತರ. ಏಳು ವರ್ಷಗಳಲ್ಲಿ ಯಾರೂ ಮತಾಂತರದ ಮಾತೆತ್ತಲಿಲ್ಲ. ಆದರೆ ಧರ್ಮದ ಪಾಠ ಎಲ್ಲರಿಗೂ ಕಡ್ಡಾಯ, ಬೆಳಗ್ಗೆ ಪ್ರಾರ್ಥನೆ ಇದ್ದೇ ಇರುತ್ತದೆ. ಅದು ಬೇಡ ಎನ್ನುವವರು ಇಲ್ಲಿಗೆ ಬರಬಾರದು, ಬಂದ ಮೇಲೆ ಗೊಣಗಬಾರದು. ಬಲಿಪೂಜೆಯಲ್ಲಿ ಕ್ಯಾಥೊಲಿಕ್ ಮಕ್ಕಳು ಪರಮಪ್ರಸಾದ ಪಡೆಯುವಾಗ ಉಳಿದವರು ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಇಟ್ಟುಕೊಂಡು ಹೋದರೆ ಪಾದ್ರಿಗಳು ಆಶೀರ್ವಾದ ಮಾಡಿ ಕಳುಹಿಸುತ್ತಾರೆ. ಒಂದು ವಿಭೂತಿ ಬುಧವಾರ ಮಗಳು ಹಣೆಯ ಮೇಲೆ ಬೂದಿಯ ಶಿಲುಬೆಯೊಂದಿಗೆ ಮನೆಗೆ ಬಂದಳು. ವಿಡಿಯೊ ಕರೆಯಲ್ಲಿ ಅತ್ತೆ ಅದನ್ನು ನೋಡಿ, ‘ಅಡ್ಡ ಎಳೆಯುವುದರ ಜೊತೆಗೆ ಉದ್ದವೂ ಎಳೆದಿದ್ದಾರೆ, ಇರಲಿ ಬಿಡು’ ಎಂದರು.

ಇನ್ನು ಮೂಲನಿವಾಸಿ ಮಕ್ಕಳಿಗೆ ಶಾಲೆ ಕೊಡುವ ಆಸರೆಯ ವಿಷಯ. ಸೇರಿಸುವಾಗ ಇದು ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡಿದ್ದೆ. ಟೌನ್ಸ್‌ವಿಲ್ ಬಿಂದಲ್ ಮತ್ತು ವುಲ್ಗುರುಕಾಬಾ ಜನರ ನೆಲ. ಅವರಲ್ಲದೆ ಹತ್ತಿರದ ಪಾಮ್ ದ್ವೀಪದಿಂದ, ದೇಶದ ಉತ್ತರ ತುದಿಯಾಚೆಗಿನ ಟೊರೆಸ್ ಜಲಸಂಧಿಯ ದ್ವೀಪಗಳಿಂದ ಬಂದ ಕುಟುಂಬಗಳೂ ಊರಲ್ಲಿವೆ. ಮಗಳು ಮೊದಲ ವಾರವೇ ‘ಇವತ್ತು ಆಂಟಿ ಬಂದಿದ್ದರು’ ಎಂದಳು. ಯಾರೋ ಗೆಳತಿಯ ತಾಯಿ ಇರಬೇಕೆಂದು ಒಂದು ತಿಂಗಳು ನಂಬಿದ್ದೆ. ಇಲ್ಲಿ ಹಿರಿಯರನ್ನು ಗೌರವದಿಂದ ಕರೆಯುವುದೇ ಆಂಟಿ, ಅಂಕಲ್ ಎಂದು. ಈ ಆಂಟಿ ಶಾಲೆಯ ಸಂಬಳ ಪಡೆಯುವ ಮೂಲನಿವಾಸಿ ಸಂಪರ್ಕಾಧಿಕಾರಿ. ಯಾವ ಮಗು ಬಂದಿಲ್ಲ, ಮನೆಯಲ್ಲಿ ಏನು ನಡೆದಿದೆ, ಯಾರ ತಾಯಿಗೆ ಶಾಲೆಯ ಪತ್ರ ಓದಿ ಹೇಳಬೇಕು, ಎಲ್ಲವೂ ಅವರ ತಲೆಯಲ್ಲಿತ್ತು. ಟೊರೆಸ್ ದ್ವೀಪಗಳ ಮಕ್ಕಳು ಮನೆಯಲ್ಲಿ ಇಂಗ್ಲಿಷ್ ಬೆರೆತು ಹುಟ್ಟಿದ ಕ್ರಿಯೋಲ್ ಆಡುತ್ತಾರೆ. ಅದನ್ನು ಕೆಟ್ಟ ಇಂಗ್ಲಿಷ್ ಎಂದು ತಿದ್ದದೆ ಬೇರೆಯೇ ಭಾಷೆ ಎಂದು ಕಾಣಬೇಕೆಂದು ಶಿಕ್ಷಕರಿಗೆ ಹೇಳಿಕೊಟ್ಟವರೂ ಇವರೇ. ಇದರ ಲಾಭ ನಮಗೂ ಸಿಕ್ಕಿತು. ಮನೆಯಲ್ಲಿ ಕನ್ನಡ ಬಿಡಿ ಎಂದು ನಮಗೆ ಯಾರೂ ಹೇಳಲಿಲ್ಲ.

ಇನ್ನೊಂದು ಸಣ್ಣ ವಿಷಯ. ಶಿಕ್ಷಕಿಯರ ಕೊರಳಲ್ಲಿ ಮೈಕ್ ತೂಗುತ್ತಿತ್ತು, ತರಗತಿಯ ಗೋಡೆಗಳಲ್ಲಿ ಸ್ಪೀಕರ್‌ಗಳಿದ್ದವು. ಶೋಕಿ ಎಂದುಕೊಂಡಿದ್ದೆ. ಮೂಲನಿವಾಸಿ ಮಕ್ಕಳಲ್ಲಿ ಕಿವಿ ಸೋರುವ ಕಾಯಿಲೆ ಹೆಚ್ಚು, ಅದರಿಂದ ಕೇಳುವುದು ಮಂದವಾಗುತ್ತದೆ, ಕೇಳಿಸದ ಮಗುವನ್ನು ದಡ್ಡ ಎಂದೋ ತುಂಟ ಎಂದೋ ಕರೆದುಬಿಡುತ್ತಾರೆ ಎಂದು ಆಮೇಲೆ ತಿಳಿಯಿತು. ನೆಗಡಿ ಹಿಡಿದಾಗೆಲ್ಲ ಕಿವಿ ಕಟ್ಟಿಕೊಳ್ಳುವ ನನ್ನ ಮಗಳಿಗೂ ಆ ಮೈಕ್ ಉಪಕಾರ ಮಾಡಿತು.

ಜೂನ್ 3 ಇಲ್ಲಿ ಮಾಬೊ ದಿನ. ಎಡ್ಡಿ ಮಾಬೊ ನನ್ನ ಗಂಡ ಕೆಲಸ ಮಾಡುವ ಜೇಮ್ಸ್ ಕುಕ್ ವಿಶ್ವವಿದ್ಯಾಲಯದಲ್ಲಿ ತೋಟದ ಕೆಲಸಕ್ಕಿದ್ದವರು. ಟೊರೆಸ್ ಜಲಸಂಧಿಯ ಮೇರ್ ದ್ವೀಪದ ಅವರ ಜನರಿಗೆ ತಮ್ಮ ನೆಲದ ಮೇಲೆ ಹಕ್ಕಿದೆ ಎಂದು 1992ರಲ್ಲಿ ದೇಶದ ಉನ್ನತ ನ್ಯಾಯಾಲಯ ಒಪ್ಪಿದ್ದು ಅವರ ಸಾವಿನ ಕೆಲವೇ ತಿಂಗಳ ನಂತರ. ಇಷ್ಟು ನನಗೆ ಗೊತ್ತಿತ್ತು. 1973ರಲ್ಲಿ ಅವರು ಇದೇ ಊರಿನಲ್ಲಿ ಮೂಲನಿವಾಸಿ ಮಕ್ಕಳಿಗಾಗಿಯೇ ಒಂದು ಶಾಲೆ ಆರಂಭಿಸಿದ್ದರು, ಅದು ನಡೆದದ್ದು ಹಳೆಯ ಕ್ಯಾಥೊಲಿಕ್ ಶಾಲೆಯ ಕಟ್ಟಡದಲ್ಲಿ ಎಂಬುದನ್ನು ಮಗಳು ಹೇಳಿದಳು. ಊರಿನ ಶಾಲೆಗಳು ತಮ್ಮವರ ಮಕ್ಕಳಿಗೆ ಒಗ್ಗದ ಕಾರಣ ಬೇರೆಯದನ್ನೇ ಕಟ್ಟಬೇಕಾಯಿತಂತೆ.

ನನ್ನ ಮೊದಲ ದೂರು ಇಲ್ಲಿಯೇ ಇದೆ. ಪಾಮ್ ದ್ವೀಪಕ್ಕೆ 1918ರಿಂದ ಮೂಲನಿವಾಸಿಗಳನ್ನು ಬಲವಂತವಾಗಿ ಸಾಗಿಸಿದ್ದು, ಅಲ್ಲಿ ಮಕ್ಕಳನ್ನು ತಾಯಂದಿರಿಂದ ಬೇರ್ಪಡಿಸಿ ಡಾರ್ಮಿಟರಿಗಳಲ್ಲಿ ಇಟ್ಟದ್ದು, ದೇಶದ ಪ್ರಧಾನಿ 2008ರಲ್ಲಿ ಕ್ಷಮೆ ಕೇಳಿದ್ದು ಎಲ್ಲವನ್ನೂ ಪಾಠ ಮಾಡುತ್ತಾರೆ. ಆದರೆ ‘ಸರ್ಕಾರ’ ಎಂಬ ಪದ ಜೋರಾಗಿ ಕೇಳಿಸುತ್ತದೆ, ‘ಚರ್ಚು’ ಎಂಬುದು ಮೆಲ್ಲಗೆ. ಮಕ್ಕಳನ್ನು ಕಿತ್ತುಕೊಂಡ ಆ ಕಾಲದಲ್ಲಿ ಚರ್ಚಿನ ಮಿಷನ್‌ಗಳ ಪಾಲೂ ಇತ್ತು. ಪೋಷಕರ ಸಭೆಯಲ್ಲಿ ಇದನ್ನು ಕೇಳಿದೆ. ‘ಮಕ್ಕಳ ವಯಸ್ಸಿಗೆ ತಕ್ಕಂತೆ’ ಎಂಬ ಉತ್ತರ ಬಂತು. ಸರ್ಕಾರದ ತಪ್ಪಿಗೆ ತಕ್ಕ ವಯಸ್ಸು ಚರ್ಚಿನ ತಪ್ಪಿಗೆ ಏಕೆ ತಕ್ಕದ್ದಲ್ಲ ಎಂಬುದು ಇನ್ನೂ ಅರ್ಥವಾಗಿಲ್ಲ.

ಎರಡನೆಯ ದೂರು: ಆಂಟಿಯ ಹುದ್ದೆ ವರ್ಷ ವರ್ಷ ನವೀಕರಿಸುವ ಅರೆಕಾಲಿಕ ಗುತ್ತಿಗೆ. ನಾವಿದ್ದ ಐದನೆಯ ವರ್ಷ ಅದು ನವೀಕರಣವಾಗಲಿಲ್ಲ. ಎರಡು ಟರ್ಮ್ ಕಲ್ಲಿನ ಕಟ್ಟೆಯ ಮೇಲೆ ಎಲೆ ಬಿದ್ದಿತ್ತು. ಮೂಲನಿವಾಸಿಗಳ ಸಂಸ್ಕೃತಿಯನ್ನು ಆಚರಿಸುವ ನೇಡಾಕ್ ವಾರಕ್ಕೆ ಬಾವುಟ, ನೃತ್ಯ, ಫೋಟೊ ಎಲ್ಲ ನಡೆದವು. ಮುಂದಿನ ವಾರ ಮೂವರು ಮಕ್ಕಳು ಏಕೆ ಬಂದಿಲ್ಲ ಎಂದು ವಿಚಾರಿಸಲು ಯಾರೂ ಇರಲಿಲ್ಲ. ಆರನೆಯ ವರ್ಷ ಅವರು ಮರಳಿ ಬಂದರು, ಮತ್ತೆ ಒಂದೇ ವರ್ಷದ ಗುತ್ತಿಗೆಗೆ. ಗೋಡೆಯ ಚಿತ್ರಗಳಿಗೆ ಹಣವಿರುವ ಶಾಲೆ ಇದಕ್ಕೂ ಹುಡುಕಬೇಕಿತ್ತು. ಶಾಲೆಗೆ ಕೊಡುವ ಐದು ಅಂಕಗಳಲ್ಲಿ ಒಂದನ್ನು ಕಳೆಯುತ್ತಿರುವುದು ಇದಕ್ಕಾಗಿಯೇ.

ಉಳಿದ ನಾಲ್ಕು ಏಕೆ ಎಂದರೆ, ಆ ಆರನೆಯ ವರ್ಷ ಟರ್ಮ್ ನಡುವೆ ಅತ್ತೆ ತೀರಿಕೊಂಡರು. ತಿಥಿ ಮುಗಿಸಿ ಬರಲು ಮೂರು ವಾರ ಬೇಕು ಎಂದು ಶಾಲೆಯ ಕಚೇರಿಯಲ್ಲಿ ಹೇಗೆ ಹೇಳುವುದೆಂದು ವಾಕ್ಯ ಜೋಡಿಸಿಕೊಂಡು ಹೋಗಿದ್ದೆ. ಅಲ್ಲಿದ್ದವರು ಅರ್ಧಕ್ಕೇ ನಿಲ್ಲಿಸಿ, ‘ಸಾರಿ ಬಿಸಿನೆಸ್ ತಾನೇ, ಹೋಗಿ ಬನ್ನಿ’ ಎಂದರು. ಸಾವಿನ ಮನೆಯ ಕಾರ್ಯಗಳಿಗೆ ಮೂಲನಿವಾಸಿಗಳು ಹೇಳುವ ಮಾತು ಅದು. ಅಜ್ಜಿಯೋ ದೊಡ್ಡಪ್ಪನೋ ಹೋದರೆ ಮಕ್ಕಳು ವಾರಗಟ್ಟಲೆ ಊರಿಗೆ ಹೋಗುತ್ತಾರೆ. ಅದನ್ನು ಶಾಲೆ ತಪ್ಪಿಸಿದ್ದು ಎಂದು ಬರೆಯಬಾರದೆಂದು ಈ ಶಾಲೆ ಎಂದೋ ಕಲಿತಿತ್ತು. ನನ್ನ ಗಂಡನ ಕಚೇರಿಯಲ್ಲಿ ಸಿಕ್ಕಿದ್ದು ಮೂರು ದಿನ.

ಮರಳಿದ ದಿನ ಆಂಟಿ ಮಗಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು, ‘ನಿಮ್ಮಲ್ಲಿ ಹೋದವರ ಹೆಸರು ಹೇಳಬಹುದೇ, ಬಾರದೇ?’ ಎಂದು ಕೇಳಿದರಂತೆ. ಅವರ ಅನೇಕ ಜನಾಂಗಗಳಲ್ಲಿ ಸತ್ತವರ ಹೆಸರೆತ್ತುವುದಿಲ್ಲ, ಫೋಟೊ ತೋರಿಸುವುದಿಲ್ಲ. ನಮ್ಮಲ್ಲಿ ಮೊಮ್ಮಕ್ಕಳಿಗೇ ಇಡುತ್ತೇವೆ, ನನ್ನದೇ ಮುತ್ತಜ್ಜಿಯ ಹೆಸರು ಎಂದು ಮಗಳು ಹೇಳಿದಾಗ ಆಂಟಿ ಬಹಳ ಹೊತ್ತು ನಕ್ಕರಂತೆ.

ಸೇರಿಸಬೇಕೆಂದಿರುವವರಿಗೆ: ಶುಲ್ಕ ಸರ್ಕಾರಿ ಶಾಲೆಗಿಂತ ಹೆಚ್ಚು, ದುಬಾರಿ ಖಾಸಗಿ ಶಾಲೆಗಳಿಗಿಂತ ಬಹಳ ಕಡಿಮೆ, ರಿಯಾಯಿತಿ ಇದೆ, ಕೇಳಿದವರಿಗೆ ಮಾತ್ರ. ಗಣಿತ ಸಾಧಾರಣ, ಮನೆಯಲ್ಲಿ ಮಗ್ಗಿ ಹೇಳಿಸಿ. ಸಂದರ್ಶನದಲ್ಲಿ ಪ್ರಾರ್ಥನಾಮಂದಿರ ತೋರಿಸುತ್ತಾರೆ, ಸಂಪರ್ಕಾಧಿಕಾರಿ ವಾರಕ್ಕೆ ಎಷ್ಟು ದಿನ ಇರುತ್ತಾರೆ ಎಂಬುದನ್ನು ನೀವೇ ಕೇಳಿ. ಅರ್ಜಿಯಲ್ಲಿ ಜ್ಞಾನಸ್ನಾನದ ದಿನಾಂಕಕ್ಕೆ ಒಂದು ಖಾನೆ ಇದೆ. ಸೀಟು ಕಡಿಮೆಯಿದ್ದರೆ ಕ್ಯಾಥೊಲಿಕ್ ಮಕ್ಕಳಿಗೆ ಮೊದಲ ಆದ್ಯತೆ. ಮಗನ ಅರ್ಜಿಯಲ್ಲೂ ಆ ಖಾನೆಯನ್ನು ಖಾಲಿ ಬಿಟ್ಟೇ ಕೊಟ್ಟು ಬಂದಿದ್ದೇನೆ.